ಸಿಪ್ಪೆ ಲೆಕ್ಕ

ಬುರ್ಹಾನ್ ತಲ್ಖಾವಿ ಮಾಡಿದ್ದು ಅರವತ್ತೊಂದು ಸಿನಿಮಾ.
ಅರವತ್ಮೂರು ಅನ್ನುತ್ತಾನೆ ವಗ್ದಿ,
ಎರಡನ್ನು ಸೆನ್ಸಾರಿನವರು ನುಂಗಿದರಂತೆ.
ಜಗಳ ಹತ್ತುವುದೇ ಅಲ್ಲಿಂದ,
ಅಲೆಕ್ಸಾಂಡ್ರಿಯಾದ ಟ್ರಾಮ್ ತಿರುವಿನ ಈ ಕಾಫಿ ಅಂಗಡಿಯಲ್ಲಿ
ಗುರುವಾರ ಸಂಜೆ,
ದಾಳ ಒಳಗಿಟ್ಟು ಹಲಗೆ ಮಡಿಚಿದ ಮೇಲೆ.

ವಗ್ದಿ ಔಷಧಿ ಅಂಗಡಿಯವನು, ಮಾತಿಗೂ ತಕ್ಕಡಿ:
"'ಏಳನೆಯ ಮಾವ'ನಿಗೆ ಸಾಟಿಯಿಲ್ಲ.
ಒಂದೇ ಬಾಗಿಲು, ಒಂಬತ್ತು ಜನ,
ಒಬ್ಬರ ಕಣ್ಣಿಗೊಬ್ಬರು ಬೀಳದ ಹಾಗೆ
ನಲವತ್ತು ನಿಮಿಷ ಓಡಿಸಿದ್ದಾನೆ. ಅದು ತಮಾಷೆಯಲ್ಲ, ಗಣಿತ."

"ಗಣಿತವಂತೆ!" ತಾದ್ರುಸ್ ಟ್ರಾಮಿನ ಹಳೆಯ ಕಂಡಕ್ಟರ್,
ಈಗಲೂ ದನಿ ಹಿಂದಿನ ಬಾಗಿಲಿಗೆ ಮುಟ್ಟುತ್ತದೆ.
"ನಗಬೇಕಿದ್ದರೆ 'ಹಲ್ಲು ಡಾಕ್ಟರ ಬಾಡಿಗೆಮನೆ' ನೋಡು.
ಆ ಮುದುಕಿ, ಕಿತ್ತ ಹಲ್ಲನ್ನು ವಾಪಸು ಕೊಡು ಅಂತ…"
ಮುಂದಿನದು ಕೆಮ್ಮು. ಪ್ರತಿ ವಾರವೂ ಅಲ್ಲೇ ಕೆಮ್ಮು.

ಕೆಟ್ಟದ್ದು ಯಾವುದೆಂಬಲ್ಲಿ ಮಾತ್ರ ಇಬ್ಬರದೂ ಒಂದೇ ಬಾಯಿ:
'ಬೇಸಿಗೆಯ ಅಳಿಯ.'
ಅರ್ಧದವರೆಗೆ ಪರವಾಗಿಲ್ಲ. ಆಮೇಲೆ ನಮ್ಮ ಬುಂದುಕ್,
ಮೂತಿ ತಿರುವಿದರೆ ಸಾಕು ಊರೇ ನಗುತ್ತಿದ್ದ ಬುಂದುಕ್,
ಬೆನ್ನು ಹಾಕಿ ನಿಂತವನು ತಿರುಗುವುದೇ ಇಲ್ಲ.
ಬೆನ್ನು ಹಾಕಿ ಊಟ, ಬೆನ್ನು ಹಾಕಿ ಪ್ರೇಮ,
ಬೆನ್ನು ಹಾಕಿಕೊಂಡೇ ಮದುವೆ.
ಪತ್ರಿಕೆಯವರು ಕೇಳಿದರೆ ಬುರ್ಹಾನ್ ಅಂದನಂತೆ: ಇದು ಹೊಸ ಶೈಲಿ.
ಜನ ಕುರ್ಚಿ ಮುರಿದರು.

ನಾನು ಬಾಯಿ ಹಾಕುವುದಿಲ್ಲ.
ಟಾರ್ಚ್ ಹಿಡಿದು ಸೀಟು ತೋರಿಸುವವನು,
ಇಪ್ಪತ್ತೆಂಟು ವರ್ಷ ತೆರೆಗೆ ಬೆನ್ನು ಹಾಕಿಯೇ ನಿಂತವನು.
ಕಥೆ ಗೊತ್ತಿಲ್ಲ. ಕಸ ಗೊತ್ತು.
ಸಿನಿಮಾ ಸಪ್ಪೆಯಾದರೆ ಕಲ್ಲಂಗಡಿ ಬೀಜದ ಸಿಪ್ಪೆ
ಎರಡೇ ಹೋಳು, ಚೊಕ್ಕಟ;
ಬೇಸರ ಬಂದವನ ಹಲ್ಲಿಗೆ ಎಂಥ ಶಿಸ್ತು!
ನಗು ಉಕ್ಕಿದರೆ ಇಡೀ ಬೀಜ ನೆಲಕ್ಕೆ, ಪೊಟ್ಟಣ ಸಮೇತ.
'ಏಳನೆಯ ಮಾವ': ಆಟಕ್ಕೊಂದು ಬಕೆಟ್ಟು.
ಆ ತಿಂಗಳು ನಮ್ಮ ಮನೆಯ ಕೋಳಿ ನಡೆಯಲಾರದಷ್ಟು ಕೊಬ್ಬಿದವು.
'ಹಲ್ಲು ಡಾಕ್ಟರು': ಒಂದೂವರೆ,
ಜೊತೆಗೆ ಒಂದು ಕಟ್ಟಿಸಿಕೊಂಡ ಹಲ್ಲುಸೆಟ್ಟು,
ಯಾರೂ ಕೇಳಿಕೊಂಡು ಬರಲಿಲ್ಲ.

ಈ ಗುರುವಾರ ಇನ್ಶಿರಾಹ್ ಬಂದಿದ್ದಳು.
ಕೈರೋದ ಸ್ಟುಡಿಯೋದಲ್ಲಿ ಫಿಲ್ಮ್ ಕತ್ತರಿಸಿ ಅಂಟಿಸುತ್ತಿದ್ದವಳು,
ಈಗ ಇಲ್ಲಿ ತಂಗಿಯ ಮನೆಯಲ್ಲಿ.
ಎಲ್ಲ ಕೇಳಿಸಿಕೊಂಡು, ಬಟ್ಟಲು ಬೋರಲು ಹಾಕಿ ಹೇಳಿದಳು:
"ಹನ್ನೊಂದನೆಯ ದಿನ ಬುಂದುಕ್ ಎದ್ದಾಗ
ಎಡಗಡೆಯ ಮುಖ ಜೋತುಬಿದ್ದಿತ್ತು.
ಸುದ್ದಿ ಹೊರಬಿದ್ದರೆ ಅವನ ಅನ್ನ ಹೋಯಿತು,
ಸಿನಿಮಾ ನಿಂತರೆ ನಲವತ್ತು ಒಲೆ ಆರಿದವು.
ಆ ಬೆನ್ನು ಬಡಗಿ ಮುತವಲ್ಲಿಯದು.
ದನಿ ಮಾತ್ರ ಬುಂದುಕನದೇ,
ಬಲಗೆನ್ನೆಯನ್ನು ಬೆರಳಲ್ಲಿ ಒತ್ತಿ ಹಿಡಿದು ಆಡಿದ್ದು.
ಉಗಿಸಿಕೊಂಡವನು ಬುರ್ಹಾನ್. ಬಾಯಿ ಬಿಡಲಿಲ್ಲ."

ತಾದ್ರುಸ್ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ.
ವಗ್ದಿ ಸಕ್ಕರೆ ಕದಡಿದ, ಕದಡಿದ, ಕದಡಿದ.
"ಮನುಷ್ಯ ದೊಡ್ಡವನು, ಒಪ್ಪಿದೆ.
ಸಿನಿಮಾ ಕೆಟ್ಟದ್ದೇ."
"ಒಳ್ಳೆಯದು ಅಂತ ನಾನೆಲ್ಲಿ ಅಂದೆ?
ಅಂಟಿಸುವಾಗ ನಾಲ್ಕು ಸಲ ನಿದ್ದೆ ಹೋಗಿದ್ದೇನೆ," ಅಂದಳು ಅವಳು.

ನನಗೆ ನೆನಪಾದದ್ದು ಬೇರೆ.
ಆ ಆಗಸ್ಟ್, 'ಬೇಸಿಗೆಯ ಅಳಿಯ', ಕೊನೆಯ ಆಟ,
ಕೊನೆಯ ಸಾಲಿನ ಹದಿನಾಲ್ಕನೆಯ ಕುರ್ಚಿ.
ಸೆಕೆಯಲ್ಲೂ ಮಫ್ಲರ್ ಸುತ್ತಿಕೊಂಡ ಒಬ್ಬ, ವಾರವಿಡೀ ಬಂದ.
ದೀಪ ಹತ್ತುವ ಮೊದಲೇ ಎದ್ದು ಹೋಗುತ್ತಿದ್ದ.
ಹಾಲ್ ತುಂಬ ಚೊಕ್ಕಟ ಸಿಪ್ಪೆ;
ಅವನ ಕುರ್ಚಿಯಡಿ ಮಾತ್ರ ಇಡೀ ಬೀಜ,
ಅದೂ ಎಡಗಡೆ ಮಾತ್ರ.

ನಕ್ಕು ಚೆಲ್ಲಿದ್ದೋ
ತುಟಿ ನಿಲ್ಲದೆ ಚೆಲ್ಲಿದ್ದೋ,
ಪೊರಕೆಗೆ ಹೇಗೆ ಗೊತ್ತಾಗಬೇಕು?

ಹೇಳೋಣ ಅಂತ ಬಾಯಿ ತೆರೆದೆ.
ವಗ್ದಿ ಆಗಲೇ ಅರವತ್ಮೂರಕ್ಕೆ ಮರಳಿದ್ದ,
ಇನ್ಶಿರಾಹ್ ಬೆರಳು ಮಡಿಚುತ್ತ, ಅಲ್ಲ ಕಣೋ,
ಅರವತ್ನಾಲ್ಕು ಅನ್ನುತ್ತಿದ್ದಳು.